ಕಂಡಕ್ಟರ್ ಕರಿಬಸವರಾಜನ ತೋಳದ ಪದ್ಯ

ಊರೂರಿನ ಕವಿಗಳಿಗೆ ಇಲ್ಲದ ಒಂದು ಭಾಗ್ಯ ಕರಿಬಸವರಾಜನಿಗಿತ್ತು. ಅವನ ಓದುಗರು ಬೆಳಗಾದರೆ ಅವನ ಕಣ್ಣೆದುರೇ ಬಸ್ಸು ಹತ್ತುತ್ತಿದ್ದರು. ದಾವಣಗೆರೆ ಬಿಟ್ಟು ಹರಿಹರ, ಮಲೆಬೆನ್ನೂರು ದಾಟಿ ಕೊಕ್ಕನೂರು ಮುಟ್ಟುವ ಖಾಸಗಿ ಬಸ್ಸಿನಲ್ಲಿ ಅವನು ಕಂಡಕ್ಟರ್. ಶುಕ್ರವಾರ ಪತ್ರಿಕೆಯಲ್ಲಿ ಪದ್ಯ ಬಂದರೆ, ಯಾರಿಗೆ ಯಾವ ಸಾಲು ಹಿಡಿಸಿತು, ಯಾರಿಗೆ ತಲೆ ಕೆಟ್ಟಿತು ಎಂಬುದೆಲ್ಲ ಶನಿವಾರದ ಮೊದಲ ಟ್ರಿಪ್ಪಿನಲ್ಲೇ ಅವನ ಕಿವಿಗೆ ಬೀಳುತ್ತಿತ್ತು.

ಮೂವತ್ತರ ಆಸುಪಾಸಿನ ಆಳು, ಹರಿಹರದವನು. ಮೆಟ್ರಿಕ್‌ನಲ್ಲಿ ಗಣಿತ ಕೈಕೊಟ್ಟಿದ್ದರಿಂದ ಖಾಕಿ ಹಾಕಿದ್ದ. ಆದರೆ ಮಾತು ಅವನ ಬಾಯಲ್ಲಿ ಸುಮ್ಮನೆ ಕೂರುತ್ತಿರಲಿಲ್ಲ. "ಹತ್ರಿ, ಹತ್ತಿ ಹತ್ರ ಹತ್ರ ಕೂಡ್ರಿ, ಹತ್ತಿ ಮೂಟಿ ಮ್ಯಾಲೆ ಹಾಕ್ರಿ" ಎಂದು ಅವನು ಕೂಗಿದರೆ ಹತ್ತಿ ಮಾರಿ ಬಂದ ರೈತರು ಹಲ್ಲು ಕಿರಿಯುತ್ತ ಒತ್ತರಿಸಿ ಕೂರುತ್ತಿದ್ದರು. ಅವನ ಪದ್ಯಗಳನ್ನು ಅಚ್ಚು ಹಾಕುತ್ತಿದ್ದವನು ದಾವಣಗೆರೆ ಮಂಡಿಪೇಟೆಯಲ್ಲಿ ಸಣ್ಣ ಪ್ರೆಸ್ಸು ಇಟ್ಟುಕೊಂಡಿದ್ದ ಖುದ್ದೂಸ್. ಹಗಲೆಲ್ಲ ಮದುವೆ ಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು. ಅವುಗಳ ನಡುವೆ ಬಿಡುವಾದಾಗ 'ಹೊಳೆಸಾಲು' ಎಂಬ ನಾಲ್ಕು ಪುಟದ ವಾರಪತ್ರಿಕೆ.

ಮೊದಲು ಹೆಸರು ತಂದುಕೊಟ್ಟದ್ದು ಗುಹಾಸುರನ ಪದ್ಯ. ಹರಿಹರದಲ್ಲಿ ಹುಟ್ಟಿದವರೆಲ್ಲ ಕೇಳಿದ ಕಥೆ ಅದು: ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ವರ ಪಡೆದ ರಾಕ್ಷಸನನ್ನು ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದದ್ದು. ಅಜ್ಜಿ ಹೇಳುತ್ತಿದ್ದ ಆ ಕಥೆಯನ್ನು ಕರಿಬಸವರಾಜ ಹೀಗೆ ಕಟ್ಟಿದ್ದ:

ಹರಿ ಬಂದ, ಬಗೆ ಹರಿಯಲಿಲ್ಲ;
ಹರ ಬಂದ, ಹಗೆ ಹರಿಯಲಿಲ್ಲ;
ಇಬ್ಬರೂ ಒಂದೇ ಮೈಯಾಗಿ ಬಂದರು,
ಗುಹನ ಕೊರಳು ಹರಿಯಿತು, ಹೊಳೆ ಹರಿಯಿತು.

ಇದನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಓದಿದವರು ಮಲ್ಲೇಶಪ್ಪ. ದಾವಣಗೆರೆಯಲ್ಲಿ ಕಾಳಿನ ಮಂಡಿ, ಮಲೆಬೆನ್ನೂರಿನಲ್ಲಿ ಹೊಲ ಇದ್ದ ದೊಡ್ಡ ಕುಳ. ವಾರಕ್ಕೆ ಎರಡು ಮೂರು ಸಲ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಹೋಗುವವರು. ಹಳಗನ್ನಡ ಓದಿಕೊಂಡಿದ್ದರು, ಶ್ಲೇಷವೆಂದರೆ ಪ್ರಾಣ. "ಗುಹಾಸುರ ಅಂದ್ರ ಯಾರಂತ ತಿಳೀತೇನ್ರಿ?" ಎಂದು ಇಡೀ ಬಸ್ಸನ್ನು ಕೇಳಿದರು. "ಮಿಲ್ಲಿನ ಧಣಿ! ಹರಿ ಕಾರ್ಮಿಕರ ಒಂದು ಸಂಘ, ಹರ ಇನ್ನೊಂದು ಸಂಘ. ಇಬ್ರೂ ಜಗಳ ಬಿಟ್ಟು ಒಂದಾಗ್ರಿ ಅಂತಾನೆ ನಮ್ ಕಂಡಕ್ಟ್ರು. ಹೌದಲ್ಲಪ್ಪ?"

ಕರಿಬಸವರಾಜನಿಗೆ ಕನಸಿನಲ್ಲೂ ಹೊಳೆಯದ ಅರ್ಥ. ಇಲ್ಲ ಎನ್ನಲು ಬಾಯಿ ತೆರೆದ. ಆದರೆ ಸುತ್ತ ಇದ್ದ ಮುಖಗಳೆಲ್ಲ ಆಗಷ್ಟೇ ಅವನನ್ನು ಮೊದಲ ಸಲ ಕಂಡಂತೆ ನೋಡುತ್ತಿದ್ದವು. ಅವನು ಒಂದು ನಗೆ ನಕ್ಕು, "ನೀವು ಹೇಳಿದ ಮ್ಯಾಲೆ ನಾನೇನು ಹೇಳಾದೈತ್ರಿ" ಎಂದು ಟಿಕೆಟ್ ಹರಿದ. ಮುಂದಿನ ವಾರ ಯಾರೋ ಮಿಲ್ಲಿನ ಗೋಡೆಯ ಮೇಲೆ ಇದ್ದಿಲಲ್ಲಿ ಆ ನಾಲ್ಕು ಸಾಲು ಬರೆದಿದ್ದರು.

ಆಮೇಲೆ ನೀರುನಾಯಿಯ ಪದ್ಯ ಬಂತು. ಹರಿಹರದ ಹೊಳೆಯಲ್ಲಿ ಮೀನು ಹಿಡಿದು ಬಂಡೆಯ ಮೇಲೆ ಕೂತು ತಿನ್ನುವ, ಬೊಗಳದ ನಾಯಿಯ ಮೇಲೆ. ಮಲ್ಲೇಶಪ್ಪ ಅದರೊಳಗೆ ಪುರಸಭೆಯ ನೀರು ಸರಬರಾಜಿನವನೊಬ್ಬನನ್ನು ಹುಡುಕಿ ತೆಗೆದರು. ಮೀನಿನ ಬುಟ್ಟಿ ಹೊತ್ತು ಹತ್ತಿದ ಸುಗ್ರಾಬಿ ಮಾತ್ರ ಬೈದಳು: "ಕ್ಯಾ ಚಂದ ಅಂತ ಬರ್ದೀರಿ ಅದನ್ನ? ನಮ್ ಬಲೆ ಎಲ್ಲಾ ಹರ್ದು ಹಾಕ್ತೈತೆ ಆ ಹರಾಮಿ." ಕರಿಬಸವರಾಜ ಎರಡಕ್ಕೂ ಅದೇ ನಗೆ ನಕ್ಕ. ಮನೆಯಲ್ಲಿ ಹೆಂಡತಿ ಅನ್ನಪೂರ್ಣಮ್ಮ ಒಮ್ಮೆ ಕೇಳಿದಳು, "ಇಲ್ಲದ ಅರ್ಥಕ್ಕೆಲ್ಲ ಯಾಕ ಹ್ಞೂಂ ಅಂತೀರಿ?" ಅವನು, "ಅವರ ಖುಷಿ ಅವರದು" ಎಂದು ಹೇಳಿ ಮಾತು ತಿರುಗಿಸಿದ.

ತೋಳದ ಪದ್ಯ ಹುಟ್ಟಿದ್ದು ಸಾವಿರದ ಒಂಬೈನೂರ ಐವತ್ತೆಂಟರ ಸಂಕ್ರಾಂತಿಯ ಆಚೀಚೆ. ಮಲೆಬೆನ್ನೂರು ದಾಟಿದ ಮೇಲೆ ಆಗಿನ್ನೂ ಕಾಲುವೆ ನೀರು ಕಾಣದ ಬಯಲು. ಕಣ್ಣು ಹಾಯುವಷ್ಟು ಕರಡದ ಹುಲ್ಲು, ನಡುನಡುವೆ ಜಾಲಿ, ಕಾರೆಕಂಟಿ. ಹಳ್ಳದ ತಿರುವಿನಲ್ಲಿ ಇಂಜಿನ್ ಕಾದು ಹೊಗೆಯಾಡಿತೆಂದು ಡ್ರೈವರ್ ಹಿದಾಯತ್ ಬಸ್ಸು ನಿಲ್ಲಿಸಿ ನೀರು ಹುಯ್ಯುತ್ತಿದ್ದ. ಮೇಲೆ ಸಾಮಾನು ಕಟ್ಟಲು ಹತ್ತಿದ್ದ ಕರಿಬಸವರಾಜನಿಗೆ ದೂರದ ಕಂಟಿಯ ಬುಡದಲ್ಲಿ ಏನೋ ಕಂಡಿತು. ತಾಯಿ ತೋಳ ಬಿಸಿಲಿಗೆ ಮೈಚಾಚಿ ಮಲಗಿತ್ತು. ಮುಂಗಾಲುಗಳ ನಡುವೆ ಒಂದು ಮರಿ, ಮಗು ಅವ್ವನ ತೋಳಿನಲ್ಲಿ ಮುಖ ಹುದುಗಿಸಿದ ಹಾಗೆ. ಬಸ್ಸು ಮಲೆಬೆನ್ನೂರಿಗೆ ವಾಪಸು ಬರುವಷ್ಟರಲ್ಲಿ ಪದ್ಯ ತಯಾರಾಗಿತ್ತು:

ತೋಳ ತೆಕ್ಕೆಯಲಿ ಮಲಗಿತು ಕೂಸು,
ಅವ್ವ ನಕ್ಕಳು ಮೆಲ್ಲಗೆ;
ತೋಳವೆಂದರು ಊರ ಮಂದಿ,
ತೋಳೆಂದಿತು ಹುಲ್ಲುಗಾವಲು.

ಖುದ್ದೂಸ್ ಓದಿ "ವಾಹ್" ಎಂದ. ಅಚ್ಚಿನ ಮೊಳೆ ಜೋಡಿಸಿ, ಜಾಗ ಸಿಕ್ಕಾಗ ಹಾಕುತ್ತೇನೆಂದು ಬದಿಗಿಟ್ಟ. ಕೈಬರಹದ ಹಾಳೆ ಎಂದಿನಂತೆ ಅವನ ಚಹಾದ ಒಲೆಗೆ ಹೋಯಿತು.

ಮೂರ್ನಾಲ್ಕು ವಾರದ ಮೇಲೆ ಜಾಗ ಸಿಕ್ಕಿತು; ಆ ವಾರವೇ ಒಂದು ಕೇಡು ನಡೆಯಿತು. ಕೊಕ್ಕನೂರಿನ ಹೊರಗೆ ಹೊಲದ ಗುಡಿಸಲಲ್ಲಿದ್ದ ತೋಟಪ್ಪ, ಕೊಟ್ರವ್ವ ಎಂಬ ಕೂಲಿ ಗಂಡಹೆಂಡಿರ ಎರಡು ವರ್ಷದ ಹೆಣ್ಣುಕೂಸು ಬುಧವಾರ ಮುಸ್ಸಂಜೆ ಅಂಗಳದಿಂದ ಕಾಣೆಯಾಯಿತು. ಒಲೆಗೆ ಕಟ್ಟಿಗೆ ತರಲು ಕೊಟ್ರವ್ವ ಗುಡಿಸಲ ಹಿಂದಕ್ಕೆ ಹೋಗಿ ಬರುವಷ್ಟರಲ್ಲಿ ಕೂಸಿಲ್ಲ. ಬೂದು ಬಣ್ಣದ್ದೇನೋ ಕೊಯ್ದ ಜೋಳದ ಕೂಳೆಯಲ್ಲಿ ಓಡಿದ್ದನ್ನು ಅವಳೊಬ್ಬಳೇ ಕಂಡಿದ್ದು. ಊರು ಪಂಜು ಹಿಡಿದು ಹುಡುಕಿತು. ಒಂದು ಹನಿ ರಕ್ತವೂ ಸಿಗಲಿಲ್ಲ. ಗುರುವಾರ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಶುಕ್ರವಾರ ಸಂಜೆ ದಾವಣಗೆರೆಯ ಸ್ಟ್ಯಾಂಡಿನಲ್ಲಿ ಕರಿಬಸವರಾಜ 'ಹೊಳೆಸಾಲು' ಬಿಡಿಸಿದ. ಎರಡನೇ ಪುಟದ ಮೂಲೆಯಲ್ಲಿ ಅವನ ತೋಳದ ಪದ್ಯ, ಕೆಳಗೆ ಅವನ ಹೆಸರು.

ಪ್ರೆಸ್ಸಿಗೆ ಓಡಿದ. ಖುದ್ದೂಸ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಅಲ್ಲಾ ಕಸಂ, ಕೂಸಿನ ಸುದ್ದಿ ನನಗೆ ಗೊತ್ತಾಗಿದ್ದು ಅಚ್ಚಾದ ಮ್ಯಾಲೆ. ಪ್ರತಿ ಎಲ್ಲಾ ಹೋಗಿಬಿಟ್ಟಾವಪ್ಪ."

ಶನಿವಾರ ಬೆಳಗಿನ ಟ್ರಿಪ್ಪಿನಲ್ಲಿ ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮಲ್ಲೇಶಪ್ಪ ಪತ್ರಿಕೆಯನ್ನು ತೊಡೆಯ ಮೇಲೆ ಹರವಿಕೊಂಡು, ದನಿ ತಗ್ಗಿಸಿ ಪಕ್ಕದವರಿಗೆ ವಿವರಿಸುತ್ತಿದ್ದರು. ತಗ್ಗಿದ ದನಿ ಬಸ್ಸಿನ ಕೊನೆಯ ಸೀಟಿನವರೆಗೂ ಮುಟ್ಟುತ್ತಿತ್ತು.

"ಊರ ಮಂದಿ ಏನಂದ್ರು? ತೋಳ ಅಂದ್ರು. ಹುಲ್ಲುಗಾವಲು ಏನಂತು? ತೋಳು ಅಂತು. ಕಣ್ಣಾರೆ ಕಂಡ ಸಾಕ್ಷಿ ಹುಲ್ಲುಗಾವಲಲ್ಲೇನ್ರಿ? ಕೂಸು ಮಲಗಿದ್ದು ತೋಳಿನಾಗ. ಅವ್ವ ನಕ್ಕಳು, ಅದೂ ಮೆಲ್ಲಗೆ. ಇನ್ನ ಬಿಡಿಸಿ ಹೇಳಬೇಕೇನು?"

ಹಿಂದಿನ ಸೀಟಿನ ಹೆಂಗಸೊಬ್ಬಳು, "ಶಿವನೇ, ಹೆತ್ತಾಕೇನೇ ಕೊಂದ್ಲಾ!" ಎಂದಳು.

"ಮಲ್ಲೇಶಪ್ಪಾರೆ, ಹಂಗಲ್ರಿ" ಎಂದ ಕರಿಬಸವರಾಜ. "ಅದು ಪ್ರಾಣಿ ಮ್ಯಾಲೆ ಬರ್ದಿದ್ದು. ತೋಳ, ತೋಳದ ಮರಿ. ಅಷ್ಟೇರಿ."

ಮಲ್ಲೇಶಪ್ಪ ಅವನ ಮುಖವನ್ನು ಅಕ್ಕರೆಯಿಂದ ನೋಡಿದರು. "ಗೊತ್ತೈತೆ ಬಿಡಪ್ಪ. ನೀನು ಬಾಯಿ ಬಿಟ್ಟು ಹೇಳಂಗಿಲ್ಲ. ದಿನಾ ಆ ಊರಿಗೆ ಹೋಗಿ ಬರಾನು, ನೀನು ನೋಡಿದ್ದು ನಿನಗೆ ಗೊತ್ತು."

ಮಲೆಬೆನ್ನೂರಿನಲ್ಲಿ ಜನ ಇಳಿದರು. ಮಾತೂ ಅವರ ಜೊತೆ ಇಳಿಯಿತು. ಸಂಜೆಯ ಹೊತ್ತಿಗೆ ಅದು ಚಹಾದಂಗಡಿ ಸುತ್ತಿ, ಸಂತೆ ಸುತ್ತಿ, ಬೇರೆ ರೂಪ ತಾಳಿ ಬಸ್ಸಿಗೆ ವಾಪಸು ಹತ್ತಿತು. ಕೂಸು ಸದಾ ಕಾಯಿಲೆಯದಂತೆ. ಇದು ಬದುಕಂಗಿಲ್ಲ ಎಂದು ಕೊಟ್ರವ್ವ ಬಾವಿಕಟ್ಟೆಯಲ್ಲಿ ಅಂದಿದ್ದಳಂತೆ. ಕಂಡಕ್ಟರ್ ಎಲ್ಲಾ ನೋಡಿ ಪೇಪರಿನಲ್ಲಿ ಬರೆದಿದ್ದಾನಂತೆ. ಕರಿಬಸವರಾಜ ಒಬ್ಬೊಬ್ಬರನ್ನೂ ಹಿಡಿದು ಅಲ್ಲ ಎಂದ. ಅವನು ಅಲ್ಲ ಎಂದಷ್ಟೂ ಅವರು ಕಣ್ಣು ಮಿಟುಕಿಸಿದರು. ಇಲ್ಲದ ಅರ್ಥಕ್ಕೆಲ್ಲ ನಕ್ಕು ಆ ಮಿಟುಕನ್ನು ಕಲಿಸಿದವನು ತಾನೇ ಎಂಬುದು ಅವನಿಗೆ ಆಗ ಅರ್ಥವಾಯಿತು. ರಾತ್ರಿ ಊಟಕ್ಕೆ ಕೂತು ಎದ್ದ. ಅನ್ನಪೂರ್ಣಮ್ಮ ತಟ್ಟೆ ಎತ್ತಿದಳು.

ಸೋಮವಾರ ಮಲೆಬೆನ್ನೂರಿನ ಠಾಣೆಯ ಎದುರು ಬಸ್ಸನ್ನು ಪೊಲೀಸ್ ದಫೇದಾರನೊಬ್ಬ ತಡೆದ. "ಕಂಡಕ್ಟ್ರು ಇಳೀಬೇಕು. ಸಾಹೇಬ್ರು ಕರೀತಾರೆ."

ಠಾಣೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಕೂದಲು ಕೆದರಿತ್ತು, ಕಣ್ಣು ಎಲ್ಲೋ. ಪಕ್ಕದಲ್ಲಿ ಗಂಡ ಕಂಬಕ್ಕೆ ಆತು ನಿಂತಿದ್ದ. ಅವರು ಕೊಟ್ರವ್ವ, ತೋಟಪ್ಪ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸಬ್‌ಇನ್ಸ್‌ಪೆಕ್ಟರ್ ಮೇಜಿನ ಮೇಲೆ 'ಹೊಳೆಸಾಲು' ಬಿಡಿಸಿಟ್ಟಿದ್ದರು. "ಈ ಪದ್ಯ ನಿಂದೇನು?"

"ನಂದೇ, ಸರ್."

"ತೋಳ ಅಂದ್ರೆ?"

"ತೋಳಾನೇ ಸರ್. ಕಾಡುಪ್ರಾಣಿ."

"ಮತ್ತೆ ಹುಲ್ಲುಗಾವಲು ತೋಳು ಅನ್ನುತ್ತಲ್ಲ?"

"ಪ್ರಾಣಿಯಾದ್ರೂ ಮರಿಗೆ ಅದು ತಾಯಿ ತೋಳೇ ಅಂತ, ಸರ್."

"ಪದ್ಯದಾಗ ಮರಿ ಎಲ್ಲೈತೆ ತೋರ್ಸು. ಕೂಸು ಅಂತ ಬರ್ದೀಯ. ಅವ್ವ ಅಂತ ಬರ್ದೀಯ."

"ಇದು ಸಂಕ್ರಾಂತಿ ಹೊತ್ನಾಗ ಬರ್ದಿದ್ದು ಸರ್. ಪ್ರೆಸ್ಸಿನ ಖುದ್ದೂಸ್ ಸಾಬ್ರನ್ನ ಕೇಳ್ರಿ."

"ನಿನ್ನ ದೋಸ್ತ ಹೌದು ಅನ್ನದೆ ಏನಂತಾನೆ? ಗುಹಾಸುರನ ಪದ್ಯ ಬರ್ದ್ಯಲ್ಲ, ಮಿಲ್ಲಿನ ಧಣಿ ಮ್ಯಾಲೆ ಅಲ್ಲೇನದು?"

"ಅಲ್ಲ ಸರ್. ನಮ್ಮಜ್ಜಿ ಹೇಳಿದ ಕಥೆ."

ಸಬ್‌ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. "ಇಡೀ ದಾವಣಗೆರೆಗೆ ಗೊತ್ತಿರೋದು ನಿನಗೊಬ್ಬನಿಗೇ ಗೊತ್ತಿಲ್ಲ. ಆವಾಗ ನಕ್ಕೊಂಡು ತಿರುಗಿದಿ, ಈಗ ಅಜ್ಜಿ ಕಥೆ ಅಂತೀಯ. ಆಚೆ ಕೂಡು, ನೆನಪು ಮಾಡ್ಕೊ. ಹೊರಗೆ ಕೂತಾಕಿನ್ನ ಇವತ್ತು ದಾವಣಗೆರೆ ಜೈಲಿಗೆ ಕಳಿಸ್ತೀನಿ."

ಕರಿಬಸವರಾಜ ಹೊರಗೆ ಬಂದ. ಕೊಟ್ರವ್ವ ಅವನ ಖಾಕಿಯನ್ನು ನೋಡಿದಳು, ಹೆಗಲಿನ ಚೀಲ ನೋಡಿದಳು, ಎದ್ದು ಹತ್ತಿರ ಬಂದಳು. ಮುಖಕ್ಕೆ ಉಗಿಯುತ್ತಾಳೆಂದು ಅವನು ಕಾದ.

"ನೀವೇ ಏನ್ರಿ ಅದು? ನೀವು ನೋಡೀರಂತಲ್ರಿ, ನನ್ ಕೂಸು ತೋಳದ ತೆಕ್ಕ್ಯಾಗ ಮಲಗಿತ್ತಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಸೆಯಿತ್ತು. "ಎಲ್ರಿ ಅದು? ಯಾವ ಕಡಿಗೆ? ಉಸುರಾಡ್ತಿತ್ತೇನ್ರಿ?"

ಪದ್ಯದ ಅರ್ಥವೇನೆಂದು ಕೇಳದವಳು ಅವಳೊಬ್ಬಳೇ. ಎಲ್ಲಿ ಎಂದು ಕೇಳುತ್ತಿದ್ದಳು. ಎಲ್ಲಿ ಎಂಬುದಕ್ಕೆ ತನ್ನ ಹತ್ತಿರ ಉತ್ತರ ಇದೆ ಎಂದು ಅವನಿಗೆ ಥಟ್ಟನೆ ಹೊಳೆದದ್ದು ಆಗಲೇ. ಹಳ್ಳದ ತಿರುವು. ಕಂಟಿಯ ಬುಡ. ಮರಿ ಇದ್ದ ತೋಳ ಅಷ್ಟು ಬೇಗ ಜಾಗ ಬಿಡುವುದಿಲ್ಲ.

ತಿರುಗಿ ಒಳಗೆ ನುಗ್ಗಿದ. "ಸರ್, ನಾನು ತೋಳ ನೋಡಿದ್ದು ಖರೇ. ಜಾಗ ತೋರಿಸ್ತೀನಿ. ಒಬ್ಬರನ್ನ ಕಳಿಸ್ರಿ. ಅಲ್ಲಿ ಏನೂ ಸಿಗಲಿಲ್ಲ ಅಂದ್ರೆ ನನ್ನನ್ನೂ ದಾವಣಗೆರೆಗೆ ಕಳಿಸ್ರಿ."

ದಫೇದಾರನನ್ನು ಕಳಿಸಿದರು. ತೋಟಪ್ಪ ಹೊರಟ. ಕೊಟ್ರವ್ವನನ್ನು ಬಿಡಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತೇ ಇತ್ತು, ಹಿದಾಯತ್ ಇಂಜಿನ್ ಆರಿಸಿರಲಿಲ್ಲ. ಒಳಗೆ, ಇಳಿಯದೆ ಕೂತಿದ್ದ ಮಲ್ಲೇಶಪ್ಪ ಸೇರಿ ಬಸ್ಸಿನ ತುಂಬ ಜನ. ಕರಿಬಸವರಾಜ ಮೆಟ್ಟಿಲಲ್ಲಿ ನಿಂತು, "ಹಳ್ಳದ ತಿರುವಿನಾಗ ನಿಲ್ಸು" ಎಂದಷ್ಟೇ ಹೇಳಿದ. ಅವತ್ತು ಅವನ ಬಾಯಿಂದ ಒಂದು ಪ್ರಾಸವೂ ಬರಲಿಲ್ಲ.

ದಫೇದಾರ ಹೇಳಿಕಳಿಸಿದ್ದರಿಂದ ಕೊಕ್ಕನೂರಿನಿಂದ ಕೋಲು, ಕುಡುಗೋಲು ಹಿಡಿದ ಗಂಡಸರು, ನಾಯಿಗಳು ತಿರುವಿಗೆ ಬಂದು ಸೇರಿದರು. ಮಟಮಟ ಮಧ್ಯಾಹ್ನ. ಕೆಳಗಿಳಿದು ನೋಡಿದರೆ ಎಲ್ಲಾ ಒಂದೇ ಹುಲ್ಲು, ಒಂದೇ ಕಂಟಿ. ಕರಿಬಸವರಾಜ ಅತ್ತ ನಡೆದ, ಇತ್ತ ನಡೆದ. ಗುಂಪು ಕಾದು ಕಾದು ಗೊಣಗತೊಡಗಿತು. "ಜಾಗಾನೇ ಇಲ್ಲ, ಆಟ ಆಡ್ತಾನೆ" ಎಂದನೊಬ್ಬ. ದಫೇದಾರ ಹತ್ತಿರ ಬಂದು ತೋಳು ಹಿಡಿದ.

"ತಡೀರಿ" ಎಂದು ಬಿಡಿಸಿಕೊಂಡು ಕರಿಬಸವರಾಜ ಬಸ್ಸಿನ ಹಿಂದಿನ ಏಣಿ ಹತ್ತಿದ. ಅವತ್ತು ನಿಂತಿದ್ದ ಹಾಗೆಯೇ ಮೂಟೆಗಳ ನಡುವೆ ನಿಂತ. "ಹಿದಾಯತ್, ಸ್ವಲ್ಪ ಮುಂದೆ ತಗೋ. ಇನ್ನೊಂಚೂರು. ಸಾಕು." ಕಣ್ಣಿನ ಮೇಲೆ ಕೈ ಅಡ್ಡ ಹಿಡಿದ. ಹಳ್ಳದಾಚೆ ಎರಡು ಕಾರೆಕಂಟಿ, ನಡುವೆ ಬಿಳಿಚಿದ ಬಂಡೆ. ಅದರ ಮೇಲುಗಡೆ, ದಿಬ್ಬದ ನೆತ್ತಿಯಲ್ಲಿ, ಬೂದು ತೋಳವೊಂದು ನಿಂತು ಇವರನ್ನೇ ನೋಡುತ್ತಿತ್ತು. ಓಡಲಿಲ್ಲ.

"ಅಗಾ, ಆ ಬಂಡೆ ಬುಡಕ್ಕ!"

ಕರಿಬಸವರಾಜ ಇಳಿದು ಎಲ್ಲರ ಜೊತೆ ಓಡಿದ; ನಾಯಿಗಳು ಮೊದಲು ಮುಟ್ಟಿದವು. ಬಂಡೆಯ ಕೆಳಗೆ ಗವಿಯಂಥ ಬಿಲ. ಬಾಯಲ್ಲಿ ಎಲುಬು, ಕುರಿಯ ಉಣ್ಣೆ. ತೋಟಪ್ಪ ಮಂಡಿಯೂರಿ ಕೈ ಹಾಕಿ ಒಂದು ಹಸಿರು ಚಿಂದಿ ಎಳೆದ. ಲಂಗದ ಅಂಚು. ಅದನ್ನು ಎದೆಗೆ ಒತ್ತಿಕೊಂಡು ಮತ್ತೆ ಕೈ ಹಾಕಿದ. ಆಮೇಲೆ ಸಿಕ್ಕಿದ್ದನ್ನು ಯಾರಿಗೂ ತೋರಿಸದೆ ಹೆಗಲ ವಲ್ಲಿಯಲ್ಲಿ ಸುತ್ತಿದ. ದಫೇದಾರ ಟೋಪಿ ತೆಗೆದ.

ಬಿಲದೊಳಗೆ ಇನ್ನೂ ಏನೋ ಕುಯ್‌ಗುಡುತ್ತಿತ್ತು. ಗಂಡಸರು ಹೊಗೆ ಹಾಕಿದರು. ಕಣ್ಣು ಕುಕ್ಕುವ ಹೊಗೆಯಲ್ಲಿ ಮರಿಗಳು ಒಂದೊಂದೇ ಹೊರಬಂದವು. ಕೋಲು ಎದ್ದವು. ಬ್ಯಾಡ ಎಂಬ ಮಾತು ಕರಿಬಸವರಾಜನ ನಾಲಿಗೆಯ ತುದಿಗೆ ಬಂದಿತ್ತು. ತೋಟಪ್ಪನ ಕೈಯಲ್ಲಿದ್ದ ಗಂಟು ನೋಡಿ ನುಂಗಿಕೊಂಡ. ಮುಗಿಯುವವರೆಗೆ ಮುಖ ತಿರುಗಿಸಿ ನಿಂತ. ತಿರುಗಿದ ಕಡೆಯಲ್ಲೇ ದಿಬ್ಬವಿತ್ತು, ದಿಬ್ಬದ ಮೇಲೆ ಆ ತೋಳ ಇನ್ನೂ ನಿಂತಿತ್ತು. ನಾಯಿಗಳು ಅಟ್ಟಿಕೊಂಡು ಹೋದ ಮೇಲಷ್ಟೇ ಕಣ್ಮರೆಯಾಯಿತು.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಹಸಿರು ಚಿಂದಿ ನೋಡಿ, ದಫೇದಾರನ ಮಾತು ಕೇಳಿ, "ಹೋಗಮ್ಮ, ಮನೆಗೆ ಹೋಗು" ಎಂದರು. ಕೊಟ್ರವ್ವ ಗಂಡನ ಕೈಯಿಂದ ಗಂಟು ಈಸಿಕೊಂಡಳು. ಅವಳು ಕೂಗಿದ ಕೂಗು ರಸ್ತೆಯಲ್ಲಿದ್ದ ಬಸ್ಸಿನವರೆಗೂ ಬಂತು.

ವಾಪಸು ಬರುವಾಗ ಮಲ್ಲೇಶಪ್ಪನವರೇ ಮಾತು ತೆಗೆದರು. "ನೋಡ್ರಿ ಹೆಂಗೈತೆ. ಹುಲ್ಲುಗಾವಲು ಅಂದಿತು ಅಂತ ಪದ್ಯದಾಗೇ ಜಾಗದ ಗುರುತು ಇಟ್ಟಿದ್ದ. ನಾನು ಅರ್ಧ ಅಷ್ಟೇ ಬಿಡಿಸಿದ್ದೆ."

ಕರಿಬಸವರಾಜ ಸೀಟಿನ ಸರಳು ಹಿಡಿದು ನಿಂತ. "ಇಲ್ರಿ ಮಲ್ಲೇಶಪ್ಪಾರೆ. ಏನೂ ಇಟ್ಟಿರಲಿಲ್ಲ." ಅವನ ದನಿ ಬಸ್ಸಿನ ಸದ್ದನ್ನೂ ಮೀರಿತು. "ಗುಹಾಸುರನ ಪದ್ಯದಾಗ ಮಿಲ್ಲೂ ಇಲ್ಲ, ಸಂಘಾನೂ ಇಲ್ಲ. ನೀರುನಾಯಿ ಅಂದ್ರೆ ನೀರುನಾಯಿ. ನೀವು ಅರ್ಥ ಹೇಳಿದಾಗೆಲ್ಲ ನಾನು ದೊಡ್ಡೋನಾದೆ ಅಂತ ಸುಮ್ನಿದ್ದೆ. ಆ ನನ್ನ ನಗಿ ನೋಡಿ ನೀವು ಹೇಳಿದ್ದಕ್ಕೆ, ಕೂಸು ಕಳಕೊಂಡಾಕಿ ಠಾಣ್ಯಾಗ ಕೂತಿದ್ಲು."

ಮಲ್ಲೇಶಪ್ಪನವರ ಮುಖ ಕೆಂಪಾಯಿತು. ಪತ್ರಿಕೆ ಮಡಚಿ ಜೇಬಿಗಿಟ್ಟರು. ಹರಿಹರದಲ್ಲೇ ಇಳಿದು ಬೇರೆ ಬಸ್ಸು ಹಿಡಿದರು. ಮುಂದೆ ಬಹಳ ದಿನ ಈ ಬಸ್ಸು ಹತ್ತಲಿಲ್ಲ.

ಖುದ್ದೂಸ್ ಮುಂದಿನ ಸಂಚಿಕೆಯಲ್ಲಿ ಕರಿಬಸವರಾಜನದೇ ಒಂದು ಹೇಳಿಕೆ ಹಾಕಿದ, ನೇರ ಗದ್ಯದಲ್ಲಿ: ಪದ್ಯ ಬರೆದದ್ದು ಯಾವಾಗ, ಯಾಕೆ, ಅದಕ್ಕೂ ಕೊಟ್ರವ್ವನಿಗೂ ಏನೇನೂ ಸಂಬಂಧವಿಲ್ಲ ಎಂದು. ಕೆಲವರು ಒಪ್ಪಿದರು. ಕೆಲವರು ಪೊಲೀಸರಿಗೆ ಹೆದರಿ ಬರೆದಿದ್ದಾನೆ ಎಂದರು. ದಾವಣಗೆರೆಯ ಹೋಟೆಲ್ಲೊಂದರಲ್ಲಿ ಇಬ್ಬರು ಆ ಗದ್ಯದಲ್ಲೂ ಶ್ಲೇಷ ಹುಡುಕುತ್ತ ಕೂತಿದ್ದನ್ನು ಅವನು ಕಿವಿಯಾರೆ ಕೇಳಿದ. ಬರೆಯುವುದನ್ನೇ ಬಿಟ್ಟ.

ಬೇಸಿಗೆ ಕಳೆದು ಮಳೆ ಬಂತು. ಬಯಲು ಮತ್ತೆ ಹಸಿರಾದಾಗ, ಒಂದು ಬೆಳಿಗ್ಗೆ ಕೊಕ್ಕನೂರಿನಲ್ಲಿ ಕೊಟ್ರವ್ವ ಬಸ್ಸು ಹತ್ತಿದಳು, ತವರಿಗೆ ಹೊರಟಿದ್ದಳು. ಮುಂದಿನ ಸೀಟು ಖಾಲಿಯಿತ್ತು. ಕರಿಬಸವರಾಜ ಟಿಕೆಟ್ ಹರಿದು ಕೊಟ್ಟ.

"ಆ ಪದ ನಿಮಗೆ ಬಾಯಾಗೈತೇನ್ರಿ?" ಎಂದಳು.

"ಐತೆ ತಾಯಿ. ಅದನ್ನ ಯಾಕ ಈಗ?"

"ಎಲ್ಲಾರೂ ಕೇಳ್ಯಾರ. ನಾನೊಬ್ಬಾಕಿ ಕೇಳಿಲ್ಲ. ನನ್ ಕೂಸಿಂದಂತ ಇರೋದು ಅದೊಂದು. ಹೇಳ್ರಿ."

ಅದು ನಿನ್ನ ಕೂಸಿನದಲ್ಲ ಎನ್ನಲು ಅವನಿಗಾಗಲಿಲ್ಲ. ಕಂಬಿಗೆ ಒರಗಿ, ತಗ್ಗಿದ ದನಿಯಲ್ಲಿ ನಾಲ್ಕು ಸಾಲು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಹೇಳೆಂದಳು. ಹೇಳಿದ.

"ಅವ್ವ ನಕ್ಕಳು ಅನ್ಬ್ಯಾಡ್ರಿ" ಎಂದಳು. "ಅವ್ವ ಕೂಗಿದ್ಲು ಅನ್ರಿ."

"ತಾಯಿ, ಅದು..." ಅವನು ತೊದಲಿದ. ಇವಳಿಗಾದರೂ ಸತ್ಯ ಹೇಳಬೇಕು ಅನ್ನಿಸಿತು. "ಪದದಾಗಿನ ಅವ್ವ ನೀನಲ್ಲ. ಅದು ತೋಳ. ಅದರ ಮರಿ ಜೊತೆ ಮಲಗಿತ್ತು, ಅದನ್ನ ನೋಡಿ ಬರ್ದಿದ್ದೆ. ನಿನ್ ಕೂಸಿನ ಸುದ್ದಿ ಆಗೋಕಿಂತ ಮೊದ್ಲು."

ಕೊಟ್ರವ್ವ ಕಿಟಕಿಯಾಚೆ ನೋಡಿದಳು. ಬಸ್ಸು ಹಳ್ಳದ ತಿರುವು ದಾಟುತ್ತಿತ್ತು. ಅತ್ತಲೇ ನೋಡುತ್ತ ಹೇಳಿದಳು, "ಅದರ ಮರೀನೂ ಹೊಡದ್ರಂತಲ್ರಿ. ಅದೂ ಕೂಗಿರ್ತೈತೆ."

ಆ ವಾರ ಕರಿಬಸವರಾಜ ಖುದ್ದೂಸನ ಪ್ರೆಸ್ಸಿಗೆ ಹೋಗಿ, ಪದ್ಯವನ್ನು ಮತ್ತೆ ಅಚ್ಚು ಹಾಕಲು ಕೇಳಿದ. "ಪಾಗಲ್ ಆಗೀಯೇನು?" ಎಂದ ಖುದ್ದೂಸ್. ಎರಡನೇ ಸಾಲಿನಲ್ಲಿ 'ನಕ್ಕಳು' ಹೋಗಿ 'ಕೂಗಿದಳು' ಬಂದದ್ದು ನೋಡಿದ ಮೇಲೆ ಮೊಳೆ ಜೋಡಿಸಲು ಕೂತ.

ಶನಿವಾರ ಬೆಳಿಗ್ಗೆ ದಾವಣಗೆರೆಯ ಸ್ಟ್ಯಾಂಡಿನಲ್ಲಿ ಮಲ್ಲೇಶಪ್ಪ ಬಸ್ಸು ಹತ್ತಿದರು. ಕೈಯಲ್ಲಿ 'ಹೊಳೆಸಾಲು' ಇತ್ತು. ಡ್ರೈವರ್ ಹಿಂದಿನ ತಮ್ಮ ಹಳೇ ಸೀಟಿನಲ್ಲಿ ಕೂತರು. ಪಕ್ಕದವನು ಕುತ್ತಿಗೆ ಚಾಚಿ, "ಏನಂತ್ರಿ ಈ ಸಲ?" ಎಂದು ಕೇಳಿದ. ಅವರು ಪತ್ರಿಕೆಯನ್ನು ಅವನ ಕೈಗೆ ಕೊಟ್ಟರು, ಏನೂ ಬಿಡಿಸಿ ಹೇಳಲಿಲ್ಲ. ಕರಿಬಸವರಾಜ ಎದುರಿಗೆ ಬಂದು ನಿಂತಾಗ ತಲೆಯೆತ್ತಿ, "ಓದಿದೆನಪ್ಪ" ಎಂದರು.

ಅವನು ಮಲೆಬೆನ್ನೂರಿಗೆ ಟಿಕೆಟ್ ಹರಿದು ಕೊಟ್ಟು, ಹಿಂದಿನ ಸೀಟಿಗೆ ಸರಿದ.